ಟರ್ಕಿ ಕರೆಯುವವಳು

ನಾನು ಮೊದಲ ಸಲ ಟರ್ಕಿಕೋಳಿ ಬೇಟೆಗೆ ಹೋದದ್ದು ಬೇಟೆಯ ಆಸೆಯಿಂದಲ್ಲ. ಶನಿವಾರವೂ ಮನೆಯಲ್ಲಿ ಒಬ್ಬಳೇ ಕೂತಿರಬೇಕಲ್ಲ ಅನ್ನುವ ಸಂಕಟಕ್ಕೆ ಹೋದೆ.

ಮದುವೆಯಾಗಿ ವಾಲ್ನಟ್ ಕ್ರೀಕಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮವರ ಆಫೀಸು ಇದ್ದದ್ದು ಕೊಲ್ಲಿಯ ಆಚೆ, ಮೆನ್ಲೋ ಪಾರ್ಕಿನಲ್ಲಿ. ಬೆಳಕು ಹರಿಯುವ ಮುಂಚೆ ಹೊರಟು ಸೇತುವೆ ದಾಟಿ ಹೋದವರು, ನಾನು ಸಾರನ್ನು ಬಿಸಿ ಮಾಡಿ, ಅದು ಆರಿ, ಮತ್ತೆ ಬಿಸಿ ಮಾಡಿದ ಮೇಲೆ ಬರುತ್ತಿದ್ದರು. ಆಗ ಅಲ್ಲಿ ಎಲ್ಲರ ಕಂಪನಿಯೂ ಇನ್ನೇನು ಷೇರು ಬಿಡುಗಡೆ ಮಾಡುವುದರಲ್ಲಿತ್ತು. ಎಲ್ಲರ ಗಂಡಂದಿರಿಗೂ ಇನ್ನೊಂದು ಆರು ತಿಂಗಳು ಕಷ್ಟಪಟ್ಟರೆ ಸಾಕಿತ್ತು. ಆ ಆರು ತಿಂಗಳು ಮುಗಿಯುತ್ತಲೇ ಇರಲಿಲ್ಲ.

ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಡ್ರೈವಿಂಗು ಬರುತ್ತಿರಲಿಲ್ಲ. ಮಧ್ಯಾಹ್ನ ಅಪಾರ್ಟ್‌ಮೆಂಟಿನಿಂದ ಇಳಿದು ಅಂಗಡಿಗಳ ಸಾಲಿನವರೆಗೆ ನಡೆದು, ಕಾರಂಜಿಯ ಹತ್ತಿರ ಕೂತು, ಬೇರೆಯವರು ಕೊಂಡ ಚೀಲಗಳನ್ನು ನೋಡಿಕೊಂಡು ವಾಪಸ್ಸು ಬರುತ್ತಿದ್ದೆ. ಒಂದೊಂದು ದಿನ ಸಂಜೆಯವರೆಗೂ ನನ್ನ ಬಾಯಿಂದ ಒಂದು ಮಾತು ಹೊರಟಿರುತ್ತಿರಲಿಲ್ಲ. ಆಮೇಲೆ ಫೋನು ಬಂದರೆ ಮೊದಲ ಹಲೋ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕೆಮ್ಮಿ, ಸರಿಮಾಡಿಕೊಂಡು, ಇನ್ನೊಂದು ಸಲ ಹಲೋ ಅನ್ನಬೇಕಾಗುತ್ತಿತ್ತು. ಮಂಡ್ಯದಿಂದ ಅಮ್ಮ ಮಾಡಿದಾಗಲೆಲ್ಲ, "ನೆಗಡಿ ಆಗದಾ?" ಅಂತ ಕೇಳುತ್ತಿದ್ದಳು. ಹೂಂ ಅನ್ನುತ್ತಿದ್ದೆ.

ನಮಗೆ ಅಂತ ಹತ್ತಿರದಲ್ಲಿ ಇದ್ದವರು ನಮ್ಮವರ ಅಕ್ಕ. ಡ್ಯಾನ್‌ವಿಲ್‌ನಲ್ಲಿ ಅವರ ಸ್ವಂತ ಮನೆ. ನಾನು ಅವರನ್ನು ಅತ್ತಿಗೆ ಅಂತಲೂ, ಅವರ ಗಂಡನನ್ನು ಅಣ್ಣ ಅಂತಲೂ ಕರೆಯುತ್ತಿದ್ದೆ. ಅಣ್ಣ ಈ ದೇಶಕ್ಕೆ ಬಂದು ಹದಿನೈದು ವರ್ಷದ ಮೇಲಾಗಿತ್ತು. ಒಂದು ಸಲ ಹಿಂದಿನ ಗುಡ್ಡದ ರಾಂಚಿನ, ಅಂದರೆ ದನ ಸಾಕುವ ದೊಡ್ಡ ಜಮೀನಿನ, ಹಸುವೊಂದು ಬೇಲಿ ಮುರಿದು ಅವರ ಹುಲ್ಲಿನ ಅಂಗಳಕ್ಕೆ ನುಗ್ಗಿತಂತೆ. ಜಗಳಕ್ಕೆಂದು ಹೋದ ಅಣ್ಣ ರಾಂಚಿನ ಯಜಮಾನನ ಸ್ನೇಹ ಮಾಡಿಕೊಂಡು ಬಂದರು. ಆತ ಹೆಂಡತಿ ತೀರಿಕೊಂಡ, ಎಪ್ಪತ್ತು ದಾಟಿದ ಬಿಳಿಯ ರೈತ. ನಾವೆಲ್ಲ ನಮ್ಮನಮ್ಮಲ್ಲಿ ಅವರನ್ನು ಅಜ್ಜ ಅನ್ನುತ್ತಿದ್ದೆವು. ಅಣ್ಣನಿಗೆ ಕೋವಿ ಹಿಡಿಯುವುದನ್ನು ಕಲಿಸಿದವರು ಅವರೇ. ಮಾರ್ಚಿ ಕೊನೆಯಲ್ಲಿ ಟರ್ಕಿ ಸೀಸನ್ನು ತೆರೆಯಿತೆಂದರೆ ಅಣ್ಣ, ನಮ್ಮವರು, ಮತ್ತೆ ಮೈಸೂರಿನ ಸಾಹೇಬರು ಅಂತ ಒಬ್ಬರು, ಮೂವರೂ ಅಜ್ಜನ ರಾಂಚಿಗೆ ಹೋಗುವುದು ವಾಡಿಕೆ. ಸಾಹೇಬರದು ಒಂದು ಇಂಡಿಯನ್ ಗ್ರೋಸರಿ ಅಂಗಡಿ. ನಮ್ಮವರು ಹೊಸದಾಗಿ ಬಂದಾಗ ಅವರ ಅಂಗಡಿಯಲ್ಲಿ ರಾಗಿಹಿಟ್ಟು ಕೇಳಿ, ಅಲ್ಲಿಂದ ಗೆಳೆತನವಾಗಿತ್ತು.

ಆ ವರ್ಷ ನಾನೂ ಬರುತ್ತೇನೆ ಅಂದಾಗ ನಮ್ಮವರು, "ನೀನೇನ್ ಮಾಡ್ತೀಯಾ ಅಲ್ಲಿ?" ಅಂದರು. "ಕಾರಲ್ಲಿ ಕೂತಿರ್ತೀನಿ," ಅಂದೆ.

ಹಾಗೇ ಆಯಿತು. ಕತ್ತಲೆ ಇರುವಾಗಲೇ ರಾಂಚಿನ ಗೇಟು ದಾಟಿ, ಒಂದು ದೊಡ್ಡ ಓಕ್ ಮರದಡಿ ಅಣ್ಣನ ಹೊಸ ಕಾರನ್ನು ನಿಲ್ಲಿಸಿ ಗಂಡಸರೆಲ್ಲ ಇಳಿದರು. ಅಜ್ಜ ಅಲ್ಲಿ ಕಾಯುತ್ತಿದ್ದರು. ಎಲೆಬಣ್ಣದ ಅಂಗಿ, ಮುಖ ಮುಚ್ಚುವ ಬಲೆ ಹಾಕಿಕೊಂಡು ನಾಲ್ವರೂ ಸದ್ದಿಲ್ಲದೆ ಗುಡ್ಡ ಹತ್ತಿದರು. ದಾರಿಯಲ್ಲಿ ಅಣ್ಣ ನನಗೆ ಬೇಟೆಯ ಕ್ರಮ ಹೇಳಿದ್ದರು. ವಸಂತದಲ್ಲಿ ಹುಂಜವನ್ನು ಮಾತ್ರ ಹೊಡೆಯಬಹುದು, ಹೇಂಟೆಯನ್ನು ಮುಟ್ಟುವ ಹಾಗಿಲ್ಲ. ಹುಂಜ ಮರದ ಮೇಲಿಂದ ಕೂಗಿ ಹೇಂಟೆಗಳನ್ನು ತನ್ನ ಹತ್ತಿರಕ್ಕೆ ಕರೆಯುತ್ತದೆ. ಬೇಟೆಗಾರ ಹೇಂಟೆಯ ದನಿ ಮಾಡಿ, ಹುಂಜವೇ ತನ್ನ ಹತ್ತಿರ ಬರುವಂತೆ ಮಾಡಬೇಕು. ಅದಕ್ಕೆ ಅವರ ಹತ್ತಿರ ಒಂದು ಮರದ ಡಬ್ಬಿ. ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಕಿರ್ರೋ ಅನ್ನುತ್ತಿತ್ತು.

ಬೆಳಕು ಇನ್ನೂ ಬೂದಿ ಬಣ್ಣದಲ್ಲಿದ್ದಾಗ ಮೊದಲ ಕೂಗು ಕೇಳಿತು. ಬಿಂದಿಗೆಯೊಳಗೆ ಕಲ್ಲು ಹಾಕಿ ಯಾರೋ ಜೋರಾಗಿ ಅಲ್ಲಾಡಿಸಿದ ಹಾಗೆ. ನಾನು ಕಿಟಕಿ ಇಳಿಸಿದೆ. ಮತ್ತೊಂದು ಕೂಗು. ಮೇಲಿಂದ ಅಣ್ಣನ ಡಬ್ಬಿ ಕಿರ್ರೆಂದಿತು. ಅದಕ್ಕೂ ಆಚೆ ಎಲ್ಲೋ ನಿಜವಾದ ಹೇಂಟೆಯೊಂದು ಕ್ಯಾಂವ್, ಕ್ಯಾಂವ್, ಕ್ಯಾಂವ್ ಅಂದಿತು. ಎರಡಕ್ಕೂ ಇದ್ದ ವ್ಯತ್ಯಾಸ ನನಗೆ ಅಷ್ಟು ದೂರದಿಂದಲೇ ತಿಳಿಯಿತು.

ಮಂಡ್ಯದ ಸಕ್ಕರೆ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಮ್ಮಮ್ಮ ಹಿತ್ತಿಲಿನಲ್ಲಿ ನಾಟಿಕೋಳಿ ಸಾಕಿದ್ದಳು. ಕೋಳಿಗಳ ಹಾಗೆ ಕೂಗಿ ಅವಳಿಗೆ ಮೋಸ ಮಾಡುವುದು ನನ್ನ ಆಟ. ಮೊಟ್ಟೆ ಇಟ್ಟಿತೆಂದು ಅವಳು ಓಡಿ ಬರುತ್ತಿದ್ದಳು. ಆ ದಿನ ಕಾರಿನಲ್ಲಿ ಕೂತು, ಹೊತ್ತು ಕಳೆಯಲೆಂದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಆ ಹೇಂಟೆಯ ದನಿ ಹೊರಡಿಸಿ ನೋಡಿದೆ. ಎರಡನೆಯ ಸಲಕ್ಕೇ ಅದು ಬಂತು. ಬಂದ ತಕ್ಷಣ ಗುಡ್ಡದಿಂದ ಹುಂಜ ಉತ್ತರ ಕೊಟ್ಟಿತು.

ನನಗೆ ಮೈ ಜುಮ್ಮೆಂದಿತು. ಮತ್ತೆ ಕೂಗಿದೆ. ಮತ್ತೆ ಉತ್ತರ. ಅಷ್ಟು ಬೇಗ, ಅಷ್ಟು ಜೋರಾಗಿ ನನಗೆ ಯಾರಾದರೂ ಉತ್ತರ ಕೊಟ್ಟು ಎಷ್ಟೋ ತಿಂಗಳಾಗಿತ್ತು.

ಬೆಳಕು ಬಂತು. ಹಸಿರು ಹುಲ್ಲಿನ ಏರಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು. ಇಳಿದು ಇಳಿದು ಅದು ನೇರ ಕಾರಿನ ಹತ್ತಿರ ಬಂತು. ಕೆಂಪು, ಬಿಳಿ, ನೀಲಿ ಮೂರೂ ಬಣ್ಣದ ತಲೆ, ಎದೆಯಿಂದ ಜೋತುಬಿದ್ದ ಕೂದಲಿನ ಗಡ್ಡ, ಬಿಸಿಲಿಗೆ ತಾಮ್ರದಂತೆ ಹೊಳೆಯುವ ಗರಿ. ಬಾಲ ಬಿಚ್ಚಿ ಕಾರಿನ ಬಾಗಿಲಿನ ಮುಂದೆ ನಿಂತಿತು. ಪಾಲಿಷ್ ಮಾಡಿದ ಬಾಗಿಲಲ್ಲಿ ಅದಕ್ಕೆ ತನ್ನದೇ ಬಿಂಬ ಕಂಡಿರಬೇಕು. ಇನ್ನೊಂದು ಹುಂಜವೆಂದು ತಿಳಿದು ಟಕಟಕನೆ ಕುಕ್ಕತೊಡಗಿತು. ನಾನು ಒಳಗೆ ಉಸಿರು ಹಿಡಿದು ಕೂತಿದ್ದೆ.

ಗಂಡಸರು ಬರಿಗೈಯಲ್ಲಿ ಬಂದರು. ಅಣ್ಣನಿಗೆ ಸಿಟ್ಟು ಬಂದಿತ್ತು. "ಚೆನ್ನಾಗೇ ಬರ್ತಿತ್ತು ಕಣ್ರೀ. ಅರ್ಧ ದಾರೀಲಿ ಯಾವಳೋ ಹೇಂಟೆ ಕರ್ಕೊಂಡು ಹೋದ್ಲು."

"ಅಣ್ಣ, ಅದು ಇಲ್ಲಿಗ್ ಬಂದಿತ್ತು," ಅಂದೆ.

"ಎಲ್ಲಿಗೆ?"

ಬಾಗಿಲು ತೋರಿಸಿದೆ. ಹೊಸ ಬಣ್ಣದ ಮೇಲೆ ಕೊಕ್ಕಿನ ಗೀರುಗಳು. ಅಣ್ಣ ಬಗ್ಗಿ ಬೆರಳಿಂದ ಸವರಿ ನೋಡಿದರು. ಸಾಹೇಬರು ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಂಗ್ಯಮ್ಮ, ನಾವು ಮೇಲೆ ಇಬ್ಬನಿ ಕುಡೀತಾ ಕೂತಿದ್ರೆ ನೀವು ಮನೆಬಾಗಿಲಿಗೇ ಕರೆಸ್ಕೊಂಡ್ರಲ್ಲ!" ಅಜ್ಜನಿಗೆ ವಿಷಯ ತಿಳಿದಾಗ ಕಿವಿಯ ಹಿಂದೆ ಅಂಗೈ ಹಿಡಿದು, "ಇನ್ನೊಮ್ಮೆ ಕೂಗು, ಸ್ವಲ್ಪ ಜೋರಾಗಿ," ಅಂದರು. ನಾಚಿಕೆಯಾಯಿತು. ಆದರೂ ಕೂಗಿದೆ. ಗುಡ್ಡ ಉತ್ತರಿಸಿತು. ಅಜ್ಜ ಟೋಪಿ ತೆಗೆದು ಎದೆಗೆ ಹಿಡಿದರು.

ಮುಂದಿನ ವರ್ಷದ ಸೀಸನ್ನಿಗೆ ಗಂಡಸರೇ ನನ್ನನ್ನು ಕರೆದರು. ನನಗೂ ಒಂದು ಎಲೆಬಣ್ಣದ ಅಂಗಿ ಬಂತು. ತರಗತಿಗೆ ಹೋಗಿ ಬೇಟೆಯ ಲೈಸೆನ್ಸು ತೆಗೆದುಕೊಂಡೆ, ಆದರೆ ಕೋವಿ ಹಿಡಿಯಲಿಲ್ಲ. ನನ್ನ ಕೆಲಸ ಕೂಗುವುದಷ್ಟೇ. ಓಕ್ ಮರದ ಬುಡಕ್ಕೆ ಬೆನ್ನು ಕೊಟ್ಟು, ಒಂದು ಪಕ್ಕ ನಮ್ಮವರು, ಇನ್ನೊಂದು ಪಕ್ಕ ಅಣ್ಣ, ಅಲ್ಲಾಡದೆ ಕೂರಬೇಕು. ಟರ್ಕಿಯ ಕಣ್ಣು ಬಹಳ ಚುರುಕು, ರೆಪ್ಪೆ ಬಡಿದರೂ ಓಡುತ್ತದೆ. ಆ ಬೆಳಗುಗಳಲ್ಲಿ ನಮ್ಮವರ ಭುಜ ನನ್ನ ಭುಜಕ್ಕೆ ತಾಕಿಕೊಂಡು ಗಂಟೆಗಟ್ಟಲೆ ಇರುತ್ತಿತ್ತು. ಮನೆಯಲ್ಲಿ ಅಷ್ಟು ಹೊತ್ತು ನಾವು ಎಂದೂ ಒಟ್ಟಿಗೆ ಕೂತವರಲ್ಲ. ಅಲ್ಲೂ ಮಾತಾಡುವಂತಿರಲಿಲ್ಲ. ಆದರೂ ಆ ಭುಜದ ಬಿಸಿಗಾಗಿ ನಾನು ವಾರವೆಲ್ಲ ಕಾಯುತ್ತಿದ್ದೆ.

ಒಂದು ಬೆಳಿಗ್ಗೆ ದೊಡ್ಡ ಹುಂಜವೊಂದು ಬಾಲ ಬಿಚ್ಚಿಕೊಂಡು ನೇರ ನಮ್ಮ ಕಡೆಗೆ ಬರುತ್ತಿತ್ತು. ಇನ್ನು ಹತ್ತು ಹೆಜ್ಜೆ ಬಂದಿದ್ದರೆ ಈಡಿಗೆ ಸಿಗುತ್ತಿತ್ತು. ಅಷ್ಟರಲ್ಲಿ ನಮ್ಮವರ ಸೊಂಟದ ಪೇಜರು ಬುರ್ರೆಂದಿತು. ಹಕ್ಕಿ ಕತ್ತು ಚಾಚಿ ನೋಡಿ, ಮಾಯ. ಅಣ್ಣ ಎದ್ದು ನಿಂತು, "ಇವತ್ತಾದ್ರೂ ಅದನ್ನ ಮನೇಲಿ ಬಿಟ್ಟು ಬರಕ್ಕಾಗಲ್ವೇನೋ?" ಅಂದರು. ನಮ್ಮವರು ಆಗಲೇ ಸಿಗ್ನಲ್ಲು ಸಿಗುವ ಜಾಗ ಹುಡುಕಿಕೊಂಡು ಮೊಬೈಲು ಎತ್ತಿ ಹಿಡಿದು ಗುಡ್ಡ ಹತ್ತುತ್ತಿದ್ದರು. ಸರ್ವರು ಕೆಟ್ಟಿತ್ತಂತೆ. ಅಲ್ಲಿಂದಲೇ ಆಫೀಸಿಗೆ ಹೋದರು.

ಆದರೆ ಆ ವರ್ಷ ಬೇಟೆ ಚೆನ್ನಾಗಾಯಿತು. ಹಕ್ಕಿ ಬಿದ್ದ ಕೂಡಲೇ ಅಣ್ಣ, "ಓಡಿ ಸಾಹೇಬ್ರೇ!" ಅಂತ ಕೂಗುತ್ತಿದ್ದರು. ಜೀವ ಇರುವಾಗಲೇ ಬಿಸ್ಮಿಲ್ಲಾ ಹೇಳಿ ಕೊರಳು ಕೊಯ್ದರೆ ಮಾತ್ರ ಸಾಹೇಬರ ಮನೆಯಲ್ಲಿ ತಿನ್ನುವ ಹಾಗಿತ್ತು. ತೂಕದ ಆಳು ಅವರು, ಇಳಿಜಾರಿನಲ್ಲಿ ಚಾಕು ಹಿಡಿದು ಓಡುವುದನ್ನು ನೋಡುವುದೇ ಒಂದು ಚಂದ. ಮಧ್ಯಾಹ್ನ ಡ್ಯಾನ್‌ವಿಲ್‌ನಲ್ಲಿ ಊಟ. ಅತ್ತಿಗೆ ಕೊತ್ತಂಬರಿ, ಕಾಯಿ, ಚಕ್ಕೆ ಲವಂಗ ಎಲ್ಲ ರುಬ್ಬಿ ಇಟ್ಟು ಕಾಯುತ್ತಿದ್ದರು. ಮಾಂಸ ಗಟ್ಟಿ, ಕುಕ್ಕರು ಕೂಗಿ ಕೂಗಿ ಸುಸ್ತಾಗಬೇಕು. ಸಾಹೇಬರ ಮನೆಯವರೂ ಬರುತ್ತಿದ್ದರು. ಅತ್ತಿಗೆಯ ಮಗಳು ಮುದ್ದೆ ಮುಟ್ಟದೆ ಸಾರನ್ನು ಬ್ರೆಡ್ಡಿಗೆ ಅದ್ದಿಕೊಂಡು, ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಗಂಡಸರು ತಟ್ಟೆ ಹಿಡಿದು ಸ್ಟಾಕ್ ಆಪ್ಷನ್ನಿನ ಮಾತಿಗೆ ಇಳಿಯುತ್ತಿದ್ದರು. ಬೆಳಿಗ್ಗೆ ನನ್ನ ಕೂಗಿಗೆ ಅಷ್ಟು ಕಿವಿಗೊಟ್ಟವರು ಮಧ್ಯಾಹ್ನ ನಾನು ಏನಾದರೂ ಅಂದರೆ, ಹಾಂ ಹಾಂ ಅಂದು ಮುಂದೆ ಹೋಗುತ್ತಿದ್ದರು. ನಾನು ಪಾತ್ರೆ ತೊಳೆಯಲು ಏಳುತ್ತಿದ್ದೆ.

ಆಮೇಲೆ ಎಲ್ಲವೂ ಒಟ್ಟಿಗೆ ಕುಸಿಯಿತು. ಯಾವ ಷೇರೂ ಬಿಡುಗಡೆಯಾಗಲಿಲ್ಲ. ನಮ್ಮವರ ಕಂಪನಿಯಲ್ಲಿ ಒಂದು ಶುಕ್ರವಾರ ಎಲ್ಲರನ್ನೂ ಒಂದು ಕೋಣೆಗೆ ಕರೆದು ಮನೆಗೆ ಕಳಿಸಿದರು. ಕೆಲಸವಿಲ್ಲದೆ ವೀಸಾ ನಿಲ್ಲುವುದಿಲ್ಲ. ಸಿಕ್ಕಿದ ಒಂದು ಕಾಂಟ್ರ್ಯಾಕ್ಟು ಹಿಡಿದು ಅವರು ಟೆಕ್ಸಸ್ಸಿಗೆ ಹೋದರು. ಅಲ್ಲಿ ಒಂದೇ ಮನೆಯಲ್ಲಿ ಐದಾರು ಜನ ಗಂಡಸರು. "ಕೆಲಸ ಖಾಯಂ ಆಗ್ಲಿ, ಕರೆಸ್ಕೊತೀನಿ. ಅಲ್ಲಿವರ್ಗೂ ನೀನು ಇಲ್ಲೇ ಇರು," ಅಂದರು. ಅಣ್ಣನನ್ನು ಅವರ ಕಂಪನಿ ಬೆಂಗಳೂರಿನಲ್ಲಿ ಹೊಸ ಆಫೀಸು ತೆರೆಯಲು ಕಳಿಸಿತು. ಮಗಳ ಹೈಸ್ಕೂಲಿಗೆ ಅಂತ ಅತ್ತಿಗೆ ಡ್ಯಾನ್‌ವಿಲ್‌ನಲ್ಲೇ ಉಳಿದರು. ಸಾಹೇಬರ ಗಿರಾಕಿಗಳೆಲ್ಲ ಊರು ಬಿಟ್ಟರು. ಅವರೂ ಅಂಗಡಿ ಮುಚ್ಚಿ ತಮ್ಮನ ಜೊತೆ ವ್ಯಾಪಾರಕ್ಕೆಂದು ಶಿಕಾಗೋಗೆ ಹೋದರು. ಹೋಗುವ ಮುಂಚೆ ಮನೆಗೆ ಬಂದು ಬಾಗಿಲಲ್ಲೇ ನಿಂತು ಒಂದು ಮೂಟೆ ರಾಗಿಹಿಟ್ಟು ಕೊಟ್ಟರು. "ಇದನ್ನ ಇನ್ಯಾರೂ ತಗೊಳಲ್ಲ ತಂಗ್ಯಮ್ಮ," ಅಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ, ಕಣ್ಣು ಒದ್ದೆಯಾಗಿತ್ತು.

ಮಾರ್ಚಿ ಕೊನೆಯಲ್ಲಿ ಒಂದು ಬೆಳಿಗ್ಗೆ ಅಜ್ಜ ಫೋನು ಮಾಡಿದರು. ನಮ್ಮ ನಂಬರು ಅವರಿಗೆ ಅಣ್ಣ ಯಾವಾಗಲೋ ಕೊಟ್ಟಿದ್ದಿರಬೇಕು.

"ಸೀಸನ್ ಶುರುವಾಯ್ತು. ಯಾರೂ ಬರಲ್ವಾ ಈ ಸಲ?"

ಅವರೆಲ್ಲ ಊರಲ್ಲಿಲ್ಲ ಅಂದೆ. ಅವರಿಗೆ ಕೇಳಿಸಲಿಲ್ಲ. ಕೂಗಿ ಹೇಳಿದೆ.

"ಆಯ್ತು, ಅವರು ಇರಲಿ ಬಿಡು," ಅಂದರು. "ನೀನು ಬಾ. ಹಕ್ಕಿಗಳು ಹೊರಟುಹೋಗಿವೆ. ಬಂದು ಒಂದು ಸಲ ಕೂಗಿ ನೋಡು, ಎಲ್ಲಾದರೂ ಒಂದು ಉಳಿದಿದ್ದೀತು."

ಅತ್ತಿಗೆಗೆ ಫೋನು ಮಾಡಿ ತಿಳಿಸಿದೆ. "ಒಬ್ಬಳೇನಾ? ಆ ಮುದುಕರ ಜೊತೆ?" ಅಂದರು. ಆಮೇಲೆ, "ಹೋಗ್ಬಾ. ಮನೇಲಿ ಕೂತು ಏನ್ ಮಾಡ್ತೀಯಾ," ಅಂದರು.

ಅಜ್ಜ ತಮ್ಮ ಪಿಕಪ್ ಟ್ರಕ್ಕಿನಲ್ಲಿ ಬಂದು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವರೇ ಮಾತಾಡಿದರು. ಎದುರು ಗುಡ್ಡದ ಮೇಲೆ ಹೊಸ ಮನೆಗಳ ಸಾಲು ಎದ್ದಿತ್ತು, ಅರ್ಧಕ್ಕೆ ನಿಂತಿತ್ತು. ಅದರ ಬುಲ್ಡೋಜರುಗಳೇ ಹಕ್ಕಿಗಳನ್ನು ಓಡಿಸಿದವು ಅನ್ನುವುದು ಅವರ ತೀರ್ಮಾನ. ಮೂವತ್ತು ವರ್ಷದಲ್ಲಿ ಇಂಥ ಸುಮ್ಮನಿರುವ ವಸಂತ ನೋಡಿಲ್ಲ ಅಂದರು. ಓಕ್ ಮರದಡಿ ಹೋಗಿ ಕೂತೆವು. ಅದೇ ಬೂದಿ ಬೆಳಕು.

ಕೂತ ಸ್ವಲ್ಪ ಹೊತ್ತಿಗೆ ಮೇಲಿನ ಕಣಿವೆಯಲ್ಲಿ ಒಂದು ಹುಂಜ ಕೂಗಿತು. ನಾನು ಅಜ್ಜನ ಕಡೆ ನೋಡಿದೆ. ಅವರು ಮುಂದಕ್ಕೆ ನೋಡುತ್ತ ಕೂತಿದ್ದರು. ಎಡಗಡೆ ಇನ್ನೊಂದು ಕೂಗಿತು. ಅದಕ್ಕೆ ಬೇಲಿಯಾಚೆಯಿಂದ ಮೂರನೆಯದು ಉತ್ತರ ಕೊಟ್ಟಿತು. ಇಡೀ ಗುಡ್ಡ ಗಲಗಲ ಅನ್ನುತ್ತಿತ್ತು. ಅಜ್ಜ ನಿಟ್ಟುಸಿರು ಬಿಟ್ಟು ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ನೋಡಿದೆಯಾ? ಒಂದು ಸದ್ದಿಲ್ಲ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖದ ಬಲೆಯೊಳಗೆ ಅವರ ಕಣ್ಣು ನೋಡಿದೆ. ಇಲ್ಲ, ತಮಾಷೆಯಲ್ಲ.

ಹೌದು, ಒಂದೂ ಇಲ್ಲ ಅಂದುಬಿಟ್ಟರೆ ಅವರು ಬುಲ್ಡೋಜರಿನವರನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಹಾಗೆ ಅನ್ನಲು ನನಗೆ ಬಾಯಿ ಬರಲಿಲ್ಲ. ಅವರ ಕಿವಿಯ ಹತ್ತಿರ ಹೋಗಿ, "ಇದಾವೆ. ಮೂರು ಇದಾವೆ. ಈಗಲೂ ಕೂಗ್ತಿದಾವೆ," ಅಂದೆ.

"ಈಗಲೂ?"

"ಈಗಲೂ."

ಅವರು ಮುಖದ ಬಲೆ ತೆಗೆದರು. ನನ್ನ ಮುಖವನ್ನೇ ನೋಡಿದರು, ನಾನು ಸುಳ್ಳು ಹೇಳುತ್ತಿದ್ದೇನೋ ಎಂಬಂತೆ. ಆಮೇಲೆ ಗುಡ್ಡದ ಕಡೆ ತಿರುಗಿ, ಬಾಯಿ ಸ್ವಲ್ಪ ತೆರೆದುಕೊಂಡು, ಬಹಳ ಹೊತ್ತು ಆಲಿಸಿದರು. ಕಿವಿಯ ಯಂತ್ರವನ್ನು ತೆಗೆದು, ಊದಿ, ಮತ್ತೆ ಹಾಕಿಕೊಂಡರು. ಎಡಗಡೆಯ ಹುಂಜ ಬಿಡುವಿಲ್ಲದೆ ಕೂಗುತ್ತಿತ್ತು.

"ಹಾಗಾದರೆ ಹೋದದ್ದು ಅವಲ್ಲ," ಅಂದರು.

ಅಂದು ನಾವು ಬೇಟೆಯಾಡಲಿಲ್ಲ. ಅವರ ಅಡುಗೆಮನೆಯಲ್ಲಿ ಕಾಫಿ ಕುಡಿದೆವು. ಅಲ್ಲಿ ಎರಡೇ ಕುರ್ಚಿ. ಒಂದರ ಮೇಲೆ ಹಳೆಯ ಪೇಪರುಗಳು ಎದೆಯೆತ್ತರ ಬಿದ್ದಿದ್ದವು. ಅವನ್ನು ಇಳಿಸಿ ನನಗೆ ಜಾಗ ಮಾಡಿಕೊಟ್ಟರು. ಮನೆಗೆ ಬಿಡುವಾಗ, "ಬರುವ ಶನಿವಾರ ಬರ್ತೀಯಾ?" ಅಂತ ಕೇಳಿದರು. "ಅವು ಕೂಗಿದಾಗೆಲ್ಲ ನನ್ನ ಮೊಣಕಾಲು ತಟ್ಟು. ಯಾವ ಕಡೆ ಅಂತ ಕೈ ತೋರಿಸು. ಅಷ್ಟು ಸಾಕು."

ಹಾಗೆ ಆ ವಸಂತವೆಲ್ಲ ಪ್ರತಿ ಶನಿವಾರ ಹೋದೆ. ಹುಂಜ ಕೂಗಿದರೆ ಅವರ ಮೊಣಕಾಲು ಮೆಲ್ಲಗೆ ತಟ್ಟುತ್ತಿದ್ದೆ. ದೂರವಿದ್ದರೆ ಒಂದು ಬೆರಳು, ಹತ್ತಿರವಿದ್ದರೆ ಇಡೀ ಅಂಗೈ. ಅವರು ತಲೆಯಾಡಿಸುತ್ತಿದ್ದರು, ತಮಗೂ ಕೇಳಿದ ಹಾಗೆ. ಮೊದಲ ವಾರಗಳಲ್ಲಿ ಒಂದೂ ಬರಲಿಲ್ಲ. ನಾನು ಕರೆದರೆ ಹುಂಜ ಉತ್ತರ ಕೊಡುತ್ತಿತ್ತು, ಆದರೆ ಅದರ ಸುತ್ತ ನಿಜವಾದ ಹೇಂಟೆಗಳಿದ್ದವು. ಅವು ಅದನ್ನು ತಮ್ಮ ದಾರಿಯಲ್ಲಿ ಕರೆದುಕೊಂಡು ಹೋಗುತ್ತಿದ್ದವು. ಕೂಗು ಸಣ್ಣದಾಗುತ್ತ, ಗುಡ್ಡದಾಚೆ ಹೋಗಿ, ಕೊನೆಗೆ ಫ್ರೀವೇಯ ಸದ್ದು ಮಾತ್ರ ಉಳಿಯುತ್ತಿತ್ತು. ಆಗ ಅವರ ಮೊಣಕಾಲ ಮೇಲಿನ ಕೈ ತೆಗೆಯುತ್ತಿದ್ದೆ. ಅವರಿಗೆ ತಿಳಿಯುತ್ತಿತ್ತು.

ಉಳಿದ ದಿನಗಳು ಹೇಗೆ ಕಳೆದವೋ ಹೇಳಲಾರೆ. ಅಪಾರ್ಟ್‌ಮೆಂಟಿನ ಅರ್ಧ ಸಾಮಾನು ಮಾರಿಯಾಗಿತ್ತು. ಕಾರ್ಪೆಟ್ಟಿನ ಮೇಲೆ ಸೋಫಾದ ಕಾಲುಗಳ ಗುಳಿ ಹಾಗೇ ಇದ್ದವು. ನಮ್ಮವರ ಫೋನು ಬರುತ್ತಿತ್ತು. ಹಿಂದೆ ಬೇರೆ ಗಂಡಸರ ಮಾತು, ಟೀವಿ. ಅವರಿಗೆ ಅಲ್ಲಿ ಒಬ್ಬರೇ ಮಾತಾಡುವ ಜಾಗ ಇರಲಿಲ್ಲ, ನನಗೆ ಇಲ್ಲಿ ಒಬ್ಬಳೇ ಅಲ್ಲದ ಜಾಗ ಇರಲಿಲ್ಲ.

ಸೀಸನ್ನು ಮುಗಿಯುವ ಹೊತ್ತಿಗೆ ಹುಲ್ಲು ಒಣಗಿ ಹಳದಿಯಾಗತೊಡಗಿತ್ತು. ಹೇಂಟೆಗಳು ಕಾವಿಗೆ ಕೂತಿದ್ದವು, ಹುಂಜಗಳು ಒಂಟಿಯಾಗಿದ್ದವು. ಆ ಬೆಳಿಗ್ಗೆ ಎರಡು ಸಲ ಕರೆದೆ, ಬೇಲಿಯಾಚೆಯಿಂದ ಉತ್ತರ ಬಂತು. ಒಂದು ಬೆರಳು. ಸುಮ್ಮನಾದೆ. ಕೂಗುತ್ತ ಕೂಗುತ್ತ ಅದು ಹತ್ತಿರ ಬಂತು. ಎರಡು ಬೆರಳು. ಮೂರು. ಅಜ್ಜ ಮೊಣಕಾಲ ಮೇಲೆ ಕೋವಿ ಇಟ್ಟುಕೊಂಡು ನನ್ನ ಕೈ ತೋರಿಸಿದ ದಿಕ್ಕಿಗೆ ನಳಿಗೆ ತಿರುಗಿಸಿದರು. ಏರಿನ ಆಚೆ, ಕಣ್ಣಿಗೆ ಕಾಣದಿದ್ದರೂ ಬಹಳ ಹತ್ತಿರದಲ್ಲಿ, ಅದು ಕೂಗಿದಾಗ ನನ್ನ ಎದೆಗೇ ಬಡಿದ ಹಾಗಾಯಿತು. ಅಂಗೈ ಪೂರ್ತಿ ಒತ್ತಿದೆ.

ಮೊದಲು ಬಾಲದ ತುದಿ ಕಂಡಿತು, ಆಮೇಲೆ ತಲೆ. ಈಡು ಹಾರಿತು. ಹಕ್ಕಿ ಒಂದು ಸಲ ರೆಕ್ಕೆ ಬಡಿದು ಬಿತ್ತು. ಬಿಸ್ಮಿಲ್ಲಾ ಅಂದುಕೊಂಡು ಓಡುವವರು ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ನಾನೇ ಎದ್ದು ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟೆ. ಅಜ್ಜ ನಿಧಾನವಾಗಿ ಬಂದು, ಮಂಡಿಯೂರಿ, ಗರಿಗಳನ್ನು ನೇರ ಮಾಡಿದರು.

"ಕೊನೆಯಲ್ಲಿ ಜೋರಾಗಿ ಕೂಗಿತಾ?"

"ಬಹಳ ಜೋರಾಗಿ."

"ಹೇಗೆ ಕೂಗಿತು?"

ಹುಂಜದ ಕೂಗು ನಾನು ಎಂದೂ ಮಾಡಿರಲಿಲ್ಲ. ಅವರ ಕಿವಿಯ ಹತ್ತಿರ ಎರಡೂ ಕೈ ಬೊಗಸೆ ಮಾಡಿ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ, "ಇಷ್ಟು ಕೆಟ್ಟದಾಗಿ ಯಾವ ಟರ್ಕಿಯೂ ಕೂಗಲ್ಲ," ಅಂದು ನಗತೊಡಗಿದರು. ನಾನೂ ನಕ್ಕೆ. ನಗುತ್ತ ನಗುತ್ತ ನನಗೆ ಅಳು ಬಂತು. ಅವರು ನೋಡಿದರೂ ನೋಡದವರ ಹಾಗೆ ಹಕ್ಕಿಯ ಕಾಲು ಕಟ್ಟಿದರು.

ಎದೆಮಾಂಸ ಅವರು ಇಟ್ಟುಕೊಂಡರು, ತೊಡೆಗಳನ್ನು ನನಗೆ ಕೊಟ್ಟರು. ಮನೆಗೆ ಬಂದು ಮಸಾಲೆ ಹುರಿಯುವಾಗ ಹೊಗೆಗೆ ಅಲಾರಮ್ಮು ಬಡಿದುಕೊಂಡಿತು. ಎದುರು ಮನೆಯವಳು ಬಾಗಿಲು ತಟ್ಟಿದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಬಾಗಿಲು ತಟ್ಟಿದ್ದು ಅದೇ ಮೊದಲು. ಏನೂ ಆಗಿಲ್ಲ, ಅಡುಗೆ ಅಂದೆ. ಓ ಒಳ್ಳೇದು ಅಂದು ಹೋದಳು. ಸಾಹೇಬರ ಹಿಟ್ಟಿನಲ್ಲಿ ಮುದ್ದೆ ಕಟ್ಟಿ, ಸೋಫಾ ಇದ್ದ ಜಾಗದಲ್ಲಿ ಕೂತು ಉಂಡೆ. ಚೆನ್ನಾಗಿತ್ತು. ಸಂಜೆ ನಮ್ಮವರ ಫೋನು ಬಂತು.

"ಏನ್ ಅಡುಗೆ?"

"ಟರ್ಕಿ ಸಾರು."

"ಯಾರ್ ಬಂದಿದ್ರು?"

"ಯಾರೂ ಇಲ್ಲ."

"ಇನ್ನೊಂದೆರಡು ತಿಂಗಳು ಕಣೇ," ಅಂದರು.

ಜೂನಿನಲ್ಲಿ ಅವರ ಕೆಲಸ ಖಾಯಂ ಆಯಿತು, ಟಿಕೆಟ್ಟು ಬಂತು. ಹೇಳಿ ಹೋಗೋಣವೆಂದು ಅತ್ತಿಗೆಯ ಕಾರಿನಲ್ಲಿ ರಾಂಚಿಗೆ ಹೋದೆ. ಅತ್ತಿಗೆ ಕಾರಿನಿಂದ ಇಳಿಯಲಿಲ್ಲ. ಬಾಗಿಲು ತೆರೆದದ್ದು ಅಜ್ಜನಲ್ಲ, ಐವತ್ತರ ಆಸುಪಾಸಿನ ಹೆಂಗಸು. ಅವರ ಮಗಳು. ಒಳಗೆಲ್ಲ ರಟ್ಟಿನ ಡಬ್ಬಗಳು.

"ನೀವು ಏಜೆನ್ಸಿಯಿಂದ ಬಂದವರಾ, ಅಪ್ಪನನ್ನು ನೋಡಿಕೊಳ್ಳಲಿಕ್ಕೆ?"

"ಅಲ್ಲ. ನಾವು ಒಟ್ಟಿಗೆ ಬೇಟೆಗೆ ಹೋಗ್ತಿದ್ವಿ," ಅಂದೆ.

ಅವಳು ನನ್ನ ಚೂಡಿದಾರ್ ಕಡೆ, ಚಪ್ಪಲಿ ಕಡೆ ನೋಡಿದಳು. ಅಪ್ಪನನ್ನು ಆರೆಗಾನ್‌ಗೆ ತನ್ನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ, ಫೋನೂ ಕೇಳದವರನ್ನು ಇಲ್ಲಿ ಒಬ್ಬರೇ ಬಿಡುವುದು ಹೇಗೆ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಜ್ಜ ಹಿಂದಿನ ವರಾಂಡದಲ್ಲಿ ಕೂತಿದ್ದರು. ಕೂಗಿ ಮಾತಾಡಲು ಮಗಳ ಮುಂದೆ ನಾಚಿಕೆಯಾಯಿತು. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆ. ಏಳುವಾಗ ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ಆಮೇಲೆ ಅವರ ಸುದ್ದಿ ನನಗೆ ಸಿಗಲಿಲ್ಲ.

ಮರುದಿನ ಅತ್ತಿಗೆಯೇ ನನ್ನನ್ನು ಏರ್‌ಪೋರ್ಟಿಗೆ ಬಿಟ್ಟರು. ಫ್ರೀವೇ ಹತ್ತಿದೆವು. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಹೇಗಿರುತ್ತೆ ಅಲ್ಲಿ, ಬೆಳಿಗ್ಗೆ?"

"ಎಲ್ಲಿ ಅತ್ತಿಗೆ?"

"ಆ ಗುಡ್ಡದ ಮೇಲೆ. ಇಷ್ಟು ವರ್ಷದಿಂದ ಮಸಾಲೆ ರುಬ್ಬಿದೀನಿ. ಒಂದು ಸಲಾನೂ ಯಾರೂ ನೀನೂ ಬಾ ಅನ್ನಲಿಲ್ಲ ನೋಡು. ನೀನಾದ್ರೂ ಬಾಯ್ಬಿಟ್ಟು ಕೇಳ್ದೆ. ನಂಗೆ ಕೇಳ್ಬೇಕು ಅಂತಾನೂ ಹೊಳೀಲಿಲ್ಲ."

ನಾನು ಹೇಳತೊಡಗಿದೆ. ಬೂದಿ ಬಣ್ಣದ ಬೆಳಕು, ಇಬ್ಬನಿಗೆ ಒದ್ದೆಯಾಗುವ ಅಂಗಿ, ಕೂತು ಕೂತು ಜೋಮು ಹಿಡಿಯುವ ಕಾಲು. ಹೇಳಿ ಮುಗಿಯುವ ಮುಂಚೆಯೇ ಏರ್‌ಪೋರ್ಟು ಬಂತು. ಇಳಿಸುವ ಜಾಗದಲ್ಲಿ ಕಾರು ಹೆಚ್ಚು ಹೊತ್ತು ನಿಲ್ಲಿಸುವಂತಿರಲಿಲ್ಲ. ಹಿಂದಿನವನು ಹಾರ್ನ್ ಒತ್ತಿದ. ಅತ್ತಿಗೆ ನನ್ನ ಸೂಟ್‌ಕೇಸನ್ನು ಫುಟ್‌ಪಾತಿಗೆ ಇಳಿಸಿ, ತಲೆ ನೇವರಿಸಿ, "ಉಳಿದಿದ್ದು ಫೋನಲ್ಲಿ ಹೇಳು," ಅಂದು ಕಾರು ಹತ್ತಿದರು.